ಉಪದೇಶಿ ತಾತನಿಗೆ, ಮತ್ತೆ ಉಳಿದವರಿಗೂ

ಕಳೆದ ಭಾನುವಾರ ಪೂಜೆ ಮುಗಿದ ಮೇಲೆ ಪುಸ್ತಕ ನಿಮ್ಮ ಕೈ ಸೇರಿತು. ಮೈಸೂರು ಧರ್ಮಕ್ಷೇತ್ರದ, ಅಂದರೆ ಒಬ್ಬ ಬಿಷಪ್ಪರ ಕೈಕೆಳಗಿನ ಕ್ಯಾಥೋಲಿಕ್ ಸೀಮೆಯ ಚರಿತ್ರೆ, ಅದರಲ್ಲಿ ನಮ್ಮೂರಿನ ಪಾಲು. ಚರ್ಚಿನ ಹಳೇ ಜ್ಞಾನಸ್ನಾನದ (ಬ್ಯಾಪ್ಟಿಸಂ) ದಾಖಲೆ ಪುಸ್ತಕಗಳನ್ನು ನಂಬಿ ಕೊಟ್ಟ ಸ್ವಾಮಿಯವರು, ಊಟ ಕಳಿಸಿದ ಸಿಸ್ಟರ್‌ಗಳು, ಟೈಪ್ ಮಾಡಿದ ಹುಡುಗರು, ಚಂದಾ ಎತ್ತಿದವರು, ಎಲ್ಲರಿಗೂ ವಂದನೆ.

ಇನ್ನು ಉಪದೇಶಿ ತಾತ, ಧರ್ಮಪಾಠ ಹೇಳಿಕೊಡೋರು.

ಆ ಮಳೆ ರಾತ್ರಿಯ ಕಥೆ ನಿಮಗೆ ಗೊತ್ತು. ಕಿಟಕಿ ಹಾಕದೆ ಹೋದವಳು ನಾನೇ, ಆ ದಾಖಲೆ ಪುಸ್ತಕಗಳು ನೆನೆದುಹೋದವು. ತಾತ ಒಂಬತ್ತು ಗಂಟೆಗೆ ಟಾರ್ಚ್ ಹಿಡಿದು, ಕಂಕುಳಲ್ಲಿ ಹಳೇ ಪೇಪರ್ ಕಟ್ಟು ಇಟ್ಕೊಂಡು ಬಂದರು. ಬೈಯಲಿಲ್ಲ. 'ಒರೆಸ್ಬೇಡ ಕೂಸೇ, ಒತ್ತು' ಅಂದರು. ಹಾಳೆ ಹಾಳೆಗೂ ಪೇಪರ್ ಇಟ್ಟು, ಅಂಗೈಯಲ್ಲಿ ಒತ್ತುತ್ತಾ, ಜೊತೆಗೇ ಓದುತ್ತಾ ಹೋದರು. ಲ್ಯಾಟಿನ್ನಿನಲ್ಲಿ ಪೆತ್ರುಸ್ ಅಂತಿದ್ದರೆ ತಾತನ ಬಾಯಲ್ಲಿ ರಾಯಪ್ಪ. ಪೌಲುಸ್ ಅಂದರೆ ಚಿನ್ನಪ್ಪ. ತಮಿಳು ಕಡೆಯ ಹೆಸರುಗಳು. 1850ರಲ್ಲಿ ಮೈಸೂರು ಬೇರೆ ವಿಕಾರಿಯೇಟ್ (ಧರ್ಮಕ್ಷೇತ್ರಕ್ಕೆ ಹಿಂದಿನ ಹಂತ) ಆಗೋ ಮುಂಚೆ ನಮ್ಮ ಸೀಮೆ ಪುದುಚೇರಿ ಮಿಷನ್ನಿಗೆ ಸೇರಿತ್ತಲ್ವಾ. ಫ್ರೆಂಚ್ ಪಾದ್ರಿಗಳು ಪುಸ್ತಕದಲ್ಲಿ ಒಂದು ಬರೆದರು, ಕೇರಿಯವರು ಇನ್ನೊಂದು ಕೂಗಿದರು.

ಹಳೆಯ ಕಪ್ಪು ಶಾಯಿ ಗಟ್ಟಿಯಾಗಿ ನಿಂತಿತ್ತು. ಹರಡಿದ್ದು ಅಂಚಿನ ನೀಲಿ ಶಾಯಿ, ಅಂದರೆ ಮದುವೆಯ ಟಿಪ್ಪಣಿಗಳು. ಎಲ್ಲೇ ಮದುವೆಯಾಗಲಿ, ಜ್ಞಾನಸ್ನಾನ ಆದ ಕಡೆಗೆ ಕಾಗದ ಬರಬೇಕು, ಅದನ್ನು ಹೆಸರಿನ ಪಕ್ಕ ಬರೀಬೇಕು. 1940ರಲ್ಲಿ ಬೆಂಗಳೂರು, 1955ರಲ್ಲಿ ಊಟಿ, 1963ರಲ್ಲಿ ಚಿಕ್ಕಮಗಳೂರು, ಅಣ್ಣತಮ್ಮಂದಿರು ಒಲೆ ಬೇರೆ ಹೂಡಿದ ಹಾಗೆ ಧರ್ಮಕ್ಷೇತ್ರಗಳು ಬೇರೆಯಾದವು. ಹಾಸನ ಚಿಕ್ಕಮಗಳೂರಿನ ಪಾಲಿಗೆ ಹೋಯಿತು. ಹಾಗಂತ ಹಾಸನಕ್ಕೆ ಹೆಣ್ಣು ಕೊಡೋದು ನಿಲ್ಲುತ್ತಾ? ಆ ಕಾಗದಗಳೆಲ್ಲ ಬಂದು ಏರಿದ್ದು ಈ ಅಂಚಿಗೇ. ಈಗ ಅಲ್ಲಿ ಬರೀ ನೀಲಿ ಕಲೆ.

ಮೂರು ಗಂಟೆ ಇರಬೇಕು, ನನಗೆ ತಡೆಯಲಾಗಲಿಲ್ಲ. ನೂರು ವರ್ಷ ಜನ ಜೋಪಾನ ಮಾಡಿದ್ದನ್ನು ಒಂದೇ ರಾತ್ರೀಲಿ ಹಾಳು ಮಾಡಿದೆ ಅಂತ ನೆಲದ ಮೇಲೆ ಕೂತು ಅತ್ತುಬಿಟ್ಟೆ. ತಾತ ಸಮಾಧಾನ ಏನೂ ಹೇಳಲಿಲ್ಲ. 'ಫ್ಯಾನ್ ಒಂಚೂರು ಕಡಿಮೆ ಮಾಡವ್ವ, ಹಾಳೆ ಎಗರ್ತಾವೆ' ಅಂದರು. ಎದ್ದು ಕಡಿಮೆ ಮಾಡಿದೆ. ಆಮೇಲೆ 'ಪೆನ್ಸಿಲ್ ತಗೋ' ಅಂದರು. ಯಾವ ಹುಡುಗಿ ಯಾವೂರಿಗೆ ಹೋದಳು, ಗಂಡು ಯಾರ ಮಗ, ಒಂದೊಂದಾಗಿ ಹೇಳುತ್ತಾ ಬಂದರು. ಅರ್ಧಕ್ಕರ್ಧ ಮದುವೆಗಳಲ್ಲಿ ಅವರೇ ಹಾಡಿದ್ದರಂತೆ! ಬೆಳಗಿನ ಪೂಜೆಯ ಗಂಟೆ ಹೊಡೆಯೋ ಹೊತ್ತಿಗೆ ನಲವತ್ತೊಂದು ಹೆಸರಾಗಿತ್ತು. ಅವನ್ನೆಲ್ಲ ಆಯಾ ಊರಿನ ಪುಸ್ತಕಗಳ ಜೊತೆ ತಾಳೆ ನೋಡೋ ಕೆಲಸ ಈಗ ನಡೀತಿದೆ.

ಭಾನುವಾರ ವೇದಿಕೆ ಹತ್ತಿ ಅಂದರೆ ತಾತ ಹತ್ತಲಿಲ್ಲ. ನಿನ್ನೆ ಫೋನ್ ಮಾಡಿದ್ದರು. ಇನ್ನೂ ಎರಡು ಹೆಸರು ನೆನಪಾಯ್ತಂತೆ, ಪೆನ್ಸಿಲ್ ಹಾಳೆ ತಗೊಂಡು ಬಾ ಅಂದರು. ಸಂಜೆ ಹೋಗ್ತಿದ್ದೀನಿ.