ಕೋಟಿಂಗ್ ತೆಗೆಯಲು ಕೊಟ್ಟ ಕತ್ತಿಯ ಹದವನ್ನೇ ತೆಗೆದು ಕಳಿಸಿದ್ದೀರಿ

ಇವರಿಗೆ,
ಗ್ರಾಹಕ ದೂರು ಅಧಿಕಾರಿಗಳು

ವಿಷಯ: ಕಾರ್ಬನ್ ಸ್ಟೀಲ್ ಕತ್ತಿಯ ರಿಫಿನಿಷಿಂಗ್ ಸೇವೆಯಲ್ಲಿ ಆದ ಹಾನಿ, ಬದಲಿ ಕತ್ತಿ ಇಲ್ಲವೇ ಪೂರ್ತಿ ಹಣ ವಾಪಸ್ ಕೊಡುವ ಬಗ್ಗೆ

ಮಾನ್ಯರೇ,

ಫೋನ್ ಮಾಡಿ ಆಯಿತು, ಮೇಲ್ ಮಾಡಿ ಆಯಿತು. ನಿಮ್ಮ ವಾಟ್ಸಾಪ್ ನಂಬರಿಗೆ ಕತ್ತಿಯ ಫೋಟೋ ಕಳಿಸಿದೆ, ಉತ್ತರವಾಗಿ ದೀಪಾವಳಿ ಆಫರ್‌ನ ಪೋಸ್ಟರ್ ಬಂತು. ಹಾಗಾಗಿ ಈ ಪತ್ರ ಸ್ಪೀಡ್ ಪೋಸ್ಟಿನಲ್ಲಿ ಬರುತ್ತಿದೆ. ಸಿಟ್ಟು ಮಾಡದೆ ಬರೆಯಬೇಕು ಅಂತ ಕೂತಿದ್ದೇನೆ. ನೋಡೋಣ.

ನಿಮ್ಮಿಂದ ಕೊಂಡಿದ್ದು 1095 ಉಕ್ಕಿನ, ಕಪ್ಪು ಕೋಟಿಂಗ್ ಇರುವ ದಪ್ಪ ಅಲಗಿನ ಕತ್ತಿ. ತೋಟದ ಕೆಲಸಕ್ಕೂ ಆಯಿತು, ಹಲಸಿನಹಣ್ಣು ಕೊಯ್ಯಲಿಕ್ಕೂ ಆಯಿತು ಅಂತ ತರಿಸಿದ್ದೆ. 1095 ಅಂದರೆ ನೂರರಲ್ಲಿ ಸುಮಾರು 0.95 ಪಾಲು ಇಂಗಾಲ ಇರುವ ಉಕ್ಕು. ತುಕ್ಕು ತಡೆಯುವಷ್ಟು ಕ್ರೋಮಿಯಂ ಇಲ್ಲ, ಒದ್ದೆ ಇಟ್ಟರೆ ತುಕ್ಕು ಹಿಡಿಯುತ್ತದೆ, ಅದಕ್ಕೇ ಆ ಕೋಟಿಂಗ್. ಇದನ್ನೆಲ್ಲ ನಿಮಗೆ ಹೇಳಬೇಕಾಗಿಲ್ಲ. ನಿಮ್ಮ ಸಿಬ್ಬಂದಿಗೆ ಹೇಳಬೇಕಾಗಿ ಬಂತು.

ಆ ಕೋಟಿಂಗ್ ಮುಟ್ಟಿದರೆ ಮರಳು ಕಾಗದದ ಹಾಗೆ ತರಿತರಿ. ಹಲಸಿನ ಮೇಣ ಅದರಲ್ಲಿ ಕೂತರೆ ಕೊಬ್ಬರಿ ಎಣ್ಣೆ ಹಚ್ಚಿದರೂ ಜಪ್ಪಯ್ಯ ಅನ್ನಲ್ಲ. ಒಂದೇ ಹಲಸಿನ ಸೀಸನ್ನಿಗೆ ಕೋಟಿಂಗ್ ಚಕ್ಕೆ ಚಕ್ಕೆಯಾಗಿ ಏಳಲು ಶುರುವಾಯಿತು. ಹಲಸಿನ ತೊಳೆಯ ಮೇಲೆ ಕಪ್ಪು ಚೂರು ಕಂಡಾಗ ನಿಮಗೆ ಫೋನ್ ಮಾಡಿದೆ. "ಕೋಟಿಂಗ್ ಸವೆಯೋದು ಸಹಜ, ವಾರಂಟಿಗೆ ಬರಲ್ಲ" ಎಂದಿರಿ. ಸರಿ ಎಂದೆ, ಜಗಳ ಆಡಲಿಲ್ಲ. ನಮ್ಮ ರಿಫಿನಿಷಿಂಗ್ ಸೇವೆಗೆ ಕಳಿಸಿ ಎಂದಿರಿ. ಅದಕ್ಕೂ ಸರಿ ಎಂದೆ. 1,850 ರೂಪಾಯಿ, ಕೊರಿಯರ್ ಖರ್ಚು ಬೇರೆ.

ಆ ಸೇವೆಯ ಷರತ್ತುಗಳು ನಿಮ್ಮವೇ. ಕೆಮಿಕಲ್ ಹಾಕಿ ಕೋಟಿಂಗ್ ತೆಗೆಯುವುದು, ನೀರು ಹಾಕಿಕೊಂಡು ಕೈಯಲ್ಲಿ ಉಜ್ಜುವುದು, ಆಮೇಲೆ ವಿನಿಗರ್ ಪಟಿನಾ, ಅಂದರೆ ತುಕ್ಕು ತಡೆಯುವ ಬೂದುಗಪ್ಪು ಪದರ, ಕೊನೆಗೆ ಎಣ್ಣೆ. ಅಲಗಿಗೆ ಶಾಖ ತಗುಲಿಸುವುದಿಲ್ಲ. ಕೆಲಸದಲ್ಲಿ ಹದ, ಅಂದರೆ ಕಾಯಿಸಿ ತಣಿಸಿ ಉಕ್ಕಿಗೆ ತಂದ ಗಡಸು, ಕೆಟ್ಟರೆ ಬದಲಿ ಕತ್ತಿ. ಜಾಬ್ ಶೀಟಿನ ಹಿಂಬದಿಯಲ್ಲೇ ಅಚ್ಚು ಹಾಕಿಸಿದ್ದೀರಿ, ಹಾಗಾಗಿ ಗೊತ್ತಿರಲಿಲ್ಲ ಅನ್ನುವ ಹಾಗಿಲ್ಲ.

ಇದು ಮನೆಯಲ್ಲಿ ಮಾಡಲಾಗದ ಕೆಲಸವೇನಲ್ಲ. ಪೇಂಟ್ ರಿಮೂವರ್ ನಮ್ಮೂರ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ದಪ್ಪಗೆ ಬಳಿದು ಬಿಟ್ಟರೆ ಕೋಟಿಂಗ್ ಸುಕ್ಕಾಗಿ ಎದ್ದು ಬರುತ್ತದೆ. ಮರದ ಚಕ್ಕೆಯಲ್ಲಿ ಕೆರೆದು, ಸೋಪು ಹಾಕಿ ತೊಳೆದು, ಅಸಿಟೋನಿನಲ್ಲಿ ಒರೆಸಬೇಕು. ಆಮೇಲೆ 220ರ ಉಜ್ಜುಕಾಗದದಿಂದ ಶುರುಮಾಡಿ 400, 600 ಅಂತ ಇನ್ನೂ ನಯವಾದ ಕಾಗದಕ್ಕೆ ಹೋಗಬೇಕು. ಉಜ್ಜುವುದು ಅಲಗಿನ ಉದ್ದಕ್ಕೆ, ಹರಿತವಾದ ಬಾಯಿಯ ಕಡೆ ಕೈ ಹಾಕಬಾರದು. ಕೊನೆಗೆ ಬಿಸಿ ವಿನಿಗರ್ ಸವರಿದರೆ ಉಕ್ಕು ಬೂದುಗಪ್ಪಾಗುತ್ತದೆ. ಆ ಪದರ ಇದ್ದರೆ ಕೆಂಪು ತುಕ್ಕು ಅಷ್ಟು ಸುಲಭಕ್ಕೆ ಹತ್ತಲ್ಲ. ಇಷ್ಟೇ. ಮನೆಯಲ್ಲಿ ಉಬ್ಬಸ ಇರುವವರಿದ್ದಾರೆ, ರಿಮೂವರಿನ ಘಾಟು ಬೇಡ ಅಂತ ನಿಮಗೆ ಕೊಟ್ಟೆ. ಪರಿಣತರು ಅಲ್ವಾ ನೀವು.

ಮಳೆಗಾಲ ಮುಗಿದ ಮೇಲೆ ಕತ್ತಿ ವಾಪಸ್ ಬಂತು. ಪಟಿನಾದ ಸುಳಿವಿಲ್ಲ, ತುದಿ ಬಿಟ್ಟು ಇಡೀ ಅಲಗು ಬೆಳ್ಳಗೆ ಹೊಳೆಯುತ್ತಿದೆ. ಗೀರುಗಳು ಅಡ್ಡಡ್ಡ ಇವೆ. ಕೈಯಲ್ಲಿ ಉದ್ದಕ್ಕೆ ಉಜ್ಜಿದ್ದರೆ ಹೀಗೆ ಬರಲ್ಲ, ಇದು ಬೆಲ್ಟ್ ಯಂತ್ರಕ್ಕೆ ಒತ್ತಿ ಹಿಡಿದ ಗುರುತು. ತುದಿಯಂತೂ ನೋಡುವ ಹಾಗಿತ್ತು. ಒಳಗಿನಿಂದ ತುದಿಯ ಕಡೆಗೆ ಮೊದಲು ಒಣಹುಲ್ಲಿನ ಬಣ್ಣದ ಪಟ್ಟಿ, ಆಮೇಲೆ ಕಂದು, ಆಮೇಲೆ ನೇರಳೆ, ಕೊನೆಗೆ ಒಂದಿಂಚು ಅಚ್ಚ ನೀಲಿ. ಕುಲುಮೆಯಲ್ಲಿ ನಿಂತವರು ಯಾರೇ ಆದರೂ ಇದನ್ನು ನೋಡಿದ ಕೂಡಲೇ ಹೇಳುತ್ತಾರೆ. ಉಕ್ಕು 220 ಡಿಗ್ರಿ ಸುಮಾರಿಗೆ ಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ, ನೀಲಿ ಆಗುವುದು 300ರ ಹತ್ತಿರ. ಚಾಕುವಿಗೆ ಹದ ಹಾಕುವಾಗ ಅಷ್ಟು ಮೇಲಕ್ಕೆ ಹೋಗಲ್ಲ, ಹೋದರೆ ಗಡಸು ಇಳಿಯುತ್ತದೆ. ತುದಿ ತೆಳು, ಅದು ಬೇಗ ಕಾಯುತ್ತದೆ, ನೀರಿಲ್ಲದೆ ಬೆಲ್ಟಿಗೆ ಒತ್ತಿದರೆ ಆಗುವುದೇ ಇದು. ಅರ ಹಾಕಿ ನೋಡಿದೆ. ಗಡಸು ಇದ್ದಲ್ಲಿ ಅರ ಜಾರುತ್ತದೆ, ಮೆತ್ತಗಾದಲ್ಲಿ ಕಚ್ಚುತ್ತದೆ. ಹಿಡಿಯ ಹತ್ತಿರ ಅರ ಜಾರುತ್ತದೆ, ಕಚ್ಚುವುದಿಲ್ಲ. ತುದಿಯಲ್ಲಿ ಕರಕರ ಕಚ್ಚಿ ಪುಡಿ ಉದುರುತ್ತದೆ. ಒಂದೇ ಕತ್ತಿ, ಒಂದೇ ಅರ.

ಈಗ ಆ ಫೋನ್ ಕರೆಯ ವಿಷಯ. ಇದನ್ನು ಪೂರ್ತಿ ಬರೆಯುತ್ತೇನೆ, ನಿಮ್ಮ ಸಮಯ ಹಾಳಾದರೆ ಆಗಲಿ.

ನಮ್ಮಲ್ಲಿ ಅಡಿಕೆ ಸುಲಿಯುವ ಕೆಲಸ ನಡೆದಿತ್ತು. ಅಂಗಳದ ತುಂಬ ಜನ, ಎಲ್ಲರ ಮುಂದೂ ಮೆಟ್ಟುಗತ್ತಿ. ನನ್ನ ಕೈಯೆಲ್ಲ ಅಡಿಕೆ ಚೊಗರು, ಹಾಗಾಗಿ ಫೋನನ್ನು ಜಗಲಿಯ ಮೇಲಿಟ್ಟು ಸ್ಪೀಕರ್ ಹಾಕಿದ್ದೆ. ತುಂಬ ಹೊತ್ತು ಸಂಗೀತ ಕೇಳಿಸಿದ ಮೇಲೆ ನಿಮ್ಮ ಟೆಕ್ನಿಕಲ್ ಎಕ್ಸ್‌ಪರ್ಟ್ ಬಂದರು.

"ತುದಿ ನೀಲಿ ಆಗಿದೆ" ಎಂದೆ.

"ಸರ್, ಅದು ಪಟಿನಾ. ಕಾರ್ಬನ್ ಸ್ಟೀಲ್‌ನಲ್ಲಿ ನ್ಯಾಚುರಲ್."

ಪಟಿನಾ ಆಗಿದ್ದರೆ ಇಡೀ ಅಲಗಿಗೆ ಬರಬೇಕಿತ್ತು, ತುದಿಗೆ ಮಾತ್ರ ಪಟ್ಟಿ ಪಟ್ಟಿಯಾಗಿ ಯಾಕೆ ಬಂತು ಎಂದು ಕೇಳಿದೆ.

"ಸರ್, ನಿಂಬೆಹಣ್ಣು ಕಟ್ ಮಾಡಿದ್ರಾ?"

"ಇಲ್ಲ. ಡಬ್ಬಿ ಬಿಚ್ಚಿದಾಗಲೇ ಹೀಗಿತ್ತು."

"ಹಾಗಾದ್ರೆ ಗ್ಯಾಸ್ ಒಲೆ ಮೇಲೆ ಇಟ್ಟಿದ್ರಾ?"

"ಕತ್ತಿನ ಯಾರಾದ್ರೂ ಒಲೆ ಮೇಲೆ ಇಡ್ತಾರಾ?"

"ಕೆಲವ್ರು ಇಡ್ತಾರೆ ಸರ್."

ಅಂಗಳದಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಾನು ಮತ್ತೆ ಸಮಾಧಾನದಿಂದ ಹದ, ಶಾಖ, ಅರ ಎಲ್ಲ ವಿವರಿಸಿದೆ. ಅವರು ಪೂರ್ತಿ ಕೇಳಿದರು. ಕೇಳಿ, "ಸರ್, ನಿಮ್ಮ ವಯಸ್ಸೆಷ್ಟು?" ಎಂದರು. ಜಾಬ್ ಶೀಟಿಗೆ ಬೇಕೇನೋ ಅಂದುಕೊಂಡು ಅರವತ್ತೊಂದು ಎಂದೆ.

"ಮನೇಲಿ ಮಕ್ಕಳು ಯಾರಾದ್ರೂ ಇದ್ರೆ ಫೋನ್ ಕೊಡಿ ಸರ್. ಅವ್ರಿಗೆ ಎಕ್ಸ್‌ಪ್ಲೇನ್ ಮಾಡ್ತೀನಿ, ಈಸಿಯಾಗಿ ಅರ್ಥ ಆಗುತ್ತೆ."

ಈ ಸಲ ಯಾರೂ ನಗಲಿಲ್ಲ. ನಗದೇ ಇದ್ದಿದ್ದು ಇನ್ನೂ ಕಷ್ಟವಾಯಿತು. ಕತ್ತಿ ಹಿಡಿದೇ ಜೀವನ ಮಾಡಿದ ಜನ ಅವರು. ಸುಲಿಯಲು ಬರುವ ಹಿರಿಯ ಹೆಂಗಸೊಬ್ಬರು ಎದ್ದು ಬಂದು ಕತ್ತಿ ತಿರುಗಿಸಿ ನೋಡಿದರು. "ಸುಟ್ಟಿದಾರಲ್ರೋ ಇದನ್ನ" ಅಂತ ಹೇಳಿ ಹೋಗಿ ಕೂತರು. ಅವರು ಶಾಲೆಯ ಮುಖ ನೋಡಿದವರಲ್ಲ. ನಿಮ್ಮಲ್ಲಿ ಎಕ್ಸ್‌ಪರ್ಟ್ ಹುದ್ದೆ ಖಾಲಿಯಾದರೆ ತಿಳಿಸಿ, ಕೇಳಿ ನೋಡುತ್ತೇನೆ.

ನಿಮ್ಮವರು ಅಷ್ಟಕ್ಕೇ ಬಿಡಲಿಲ್ಲ. ನೀಲಿ ಬಣ್ಣಕ್ಕೆ ಬೇರೆ ಗ್ರಾಹಕರು ಜಾಸ್ತಿ ದುಡ್ಡು ಕೊಡುತ್ತಾರಂತೆ, ನನಗೆ ಫ್ರೀ ಬಂದಿದೆಯಂತೆ. ಫೋನಿಟ್ಟ ಮೇಲೆ ಮೆಸೇಜ್ ಬಂತು: "ಗ್ರಾಹಕರಿಗೆ ತಿಳುವಳಿಕೆ ನೀಡಲಾಗಿದೆ. ದೂರು ಮುಕ್ತಾಯ." ತಿಳುವಳಿಕೆ ಬಂತು, ಥ್ಯಾಂಕ್ಸ್.

ಆ ತುದಿಯನ್ನು ಮಸೆದು ಸರಿ ಮಾಡಿಕೊಳ್ಳಿ ಅಂತ ಮಾತ್ರ ಬರೆಯಬೇಡಿ. ಬಣ್ಣ ಉಜ್ಜಿದರೆ ಹೋಗುತ್ತದೆ, ಹದ ವಾಪಸ್ ಬರಲ್ಲ. ಮಸೆದ ಬಾಯಿ ತೆಂಗಿನ ಮಡಲಿಗೆ ಒಂದೇಟು ಹಾಕಿದರೆ ಮಡಚಿಕೊಳ್ಳುತ್ತಿದೆ.

ನಿಮ್ಮ ಷರತ್ತಿನ ಪ್ರಕಾರ ಬದಲಿ ಕತ್ತಿ ಕಳಿಸಿ, ಕೋಟಿಂಗ್ ಇಲ್ಲದ್ದು. ಇಲ್ಲದಿದ್ದರೆ ಕತ್ತಿಯ ಬೆಲೆ, 1,850 ರೂಪಾಯಿ, ಕೊರಿಯರ್ ಖರ್ಚು ಮೂರನ್ನೂ ವಾಪಸ್ ಮಾಡಿ. ಈ ಪತ್ರ ತಲುಪಿದ 15 ದಿನ ಕಾಯುತ್ತೇನೆ.

ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುತ್ತೇನೆ. ಅಲ್ಲೂ ನೀವು ಸಂಗೀತ ಹಾಕಿದರೆ ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನಾನು ವಾಸ ಇರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ನಿಮ್ಮ ಆಫೀಸು ಎಲ್ಲೇ ಇರಲಿ. ಐದು ಲಕ್ಷದೊಳಗಿನ ದೂರಿಗೆ ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ. ಕತ್ತಿಯನ್ನು ಲ್ಯಾಬ್ ಪರೀಕ್ಷೆಗೆ ಕಳಿಸುವ ಅಧಿಕಾರ ಆಯೋಗಕ್ಕಿದೆ. ತುದಿಯ ಗಡಸುತನ ಎಷ್ಟು, ಹಿಡಿಯ ಹತ್ತಿರ ಎಷ್ಟು ಅಂತ ಅವರೇ ಅಳೆಸಲಿ. ಬೇಕಿದ್ದರೆ ನಿಮ್ಮ ಎಕ್ಸ್‌ಪರ್ಟ್ ಅಲ್ಲಿಗೇ ಬಂದು ನಿಂಬೆಹಣ್ಣಿನ ವಾದ ಮಂಡಿಸಲಿ.

ಕರೆಯನ್ನು ಗುಣಮಟ್ಟಕ್ಕಾಗಿ ರೆಕಾರ್ಡ್ ಮಾಡಲಾಗುವುದು ಎಂದು ನಿಮ್ಮ ಯಂತ್ರವೇ ಶುರುವಿನಲ್ಲಿ ಹೇಳಿತ್ತು. ಆ ರೆಕಾರ್ಡಿಂಗ್ ಹಾಜರುಪಡಿಸಲು ಅರ್ಜಿ ಹಾಕುತ್ತೇನೆ. ಅಳಿಸಿಹೋಗಿದೆ ಅನ್ನಬೇಡಿ. ಅಂಗಳದಲ್ಲಿ ಕೂತು ಕೇಳಿಸಿಕೊಂಡವರು ಸಾಕ್ಷಿಗೆ ಬರುತ್ತೇವೆ ಎಂದಿದ್ದಾರೆ. ಅವರ ಆ ದಿನದ ಕೂಲಿ, ಬಸ್ ಚಾರ್ಜು, ಮಧ್ಯಾಹ್ನದ ಊಟ ಎಲ್ಲವನ್ನೂ ನಿಮ್ಮ ಲೆಕ್ಕಕ್ಕೇ ಸೇರಿಸುತ್ತೇನೆ.

ಇಂತಿ,
ಸದ್ಯಕ್ಕೆ ನಿಮ್ಮ ಗ್ರಾಹಕ
ತೀರ್ಥಹಳ್ಳಿ ತಾಲ್ಲೂಕು

ಲಗತ್ತು: ಬಿಲ್ ಮತ್ತು ಜಾಬ್ ಶೀಟಿನ ಪ್ರತಿ (ಹಿಂಬದಿ ಸಮೇತ), ಫೋಟೋಗಳು, ತುದಿಯಿಂದ ಉದುರಿದ ಅರದ ಪುಡಿ ಒಂದು ಪೊಟ್ಟಣ