ಮಗಳಿಗೊಂದು ಪತ್ರ: ಹಳೆಯ ಡಾಕ್ಟರ್, ಹೊಸ ಡಾಕ್ಟರ್

ಪ್ರೀತಿಯ ಮಗಳೇ,

ಕಾಲದಲ್ಲಿ ಪಯಣಿಸುವ ಡಾಕ್ಟರನ ಕಥೆ ಹೇಳುವ ಬ್ರಿಟಿಷ್ ಟಿವಿ ಸರಣಿ ‘ಡಾಕ್ಟರ್ ಹೂ’ವನ್ನು ಮೆಚ್ಚುವ ನಿನ್ನ ಗೆಳೆಯರ ಕೂಟದಲ್ಲಿ ನಡೆದ ವಾಗ್ವಾದದ ಬಗ್ಗೆ ನೀನು ಬರೆದದ್ದನ್ನು ಓದಿದೆ. ಕಪ್ಪು ಬಿಳುಪು ಕಾಲದ ಕಂತುಗಳನ್ನು ನೋಡದವರಿಗೆ ಈ ಸರಣಿಯ ಬಗ್ಗೆ ಮಾತನಾಡುವ ಹಕ್ಕಿಲ್ಲ ಎಂದು ಹಿರಿಯರೊಬ್ಬರು ಅಂದರಂತೆ. ರಟ್ಟಿನ ಗೋಡೆಗಳನ್ನೂ ರಬ್ಬರ್ ಮುಖವಾಡಗಳನ್ನೂ ನೋಡುತ್ತ ಕೂರುವ ತಾಳ್ಮೆ ನನಗಿಲ್ಲ, ಸರಣಿ ಮತ್ತೆ ಶುರುವಾದ 2005ರಿಂದ ಈಚೆಗಿನದೇ ನಿಜವಾದ ‘ಡಾಕ್ಟರ್ ಹೂ’ ಎಂದು ನೀನು ತಿರುಗಿ ಹೇಳಿದೆಯಂತೆ. ಅವರ ಮಾತನ್ನು ನಾನು ಒಪ್ಪುವುದಿಲ್ಲ. ನಿನ್ನ ಮಾತನ್ನೂ ಒಪ್ಪುವುದಿಲ್ಲ. ಅವರಿಗೆ ಕೊಡಬೇಕಾದ ಉತ್ತರ ಚಿಕ್ಕದು. ನಿನಗೆ ಹೇಳಬೇಕಾದದ್ದು ಹೆಚ್ಚಿದೆ.

ಈ ಸರಣಿಗೆ ತಡವಾಗಿ ಬಂದವರು ಎಂಬ ಪಂಗಡವೇ ಇಲ್ಲ. ಬಿಬಿಸಿಯಲ್ಲಿ ಮೊದಲ ಕಂತು ಬಂದದ್ದು 1963ರ ನವೆಂಬರ್ 23ರ ಶನಿವಾರ ಸಂಜೆ. ಅದರ ಹಿಂದಿನ ದಿನ ಅಮೆರಿಕದಲ್ಲಿ ಅಧ್ಯಕ್ಷ ಕೆನಡಿಯ ಹತ್ಯೆಯಾಗಿತ್ತು, ಜನರ ಗಮನವೆಲ್ಲ ಆ ಸುದ್ದಿಯ ಮೇಲಿತ್ತು. ಹಾಗಾಗಿ ಮುಂದಿನ ಶನಿವಾರ ಎರಡನೆಯ ಕಂತಿಗೆ ಮುನ್ನ ಮೊದಲನೆಯದನ್ನೇ ಮತ್ತೊಮ್ಮೆ ಪ್ರಸಾರ ಮಾಡಿದರು. ತಪ್ಪಿಸಿಕೊಂಡವರಿಗೆ ಜಾಗ ಬಿಡುವ ಪದ್ಧತಿ ಎರಡನೆಯ ವಾರದಲ್ಲೇ ಶುರುವಾಯಿತು, ನೋಡು. ಇನ್ನು ‘ಇವನು ನಮ್ಮ ಡಾಕ್ಟರ್ ಅಲ್ಲ’ ಎಂಬ ತಕರಾರು 1966ರಷ್ಟು ಹಳೆಯದು. ಮೊದಲ ಡಾಕ್ಟರ್ ಆಗಿದ್ದ ನಟ ವಿಲಿಯಂ ಹಾರ್ಟ್ನೆಲ್ ಅವರ ಆರೋಗ್ಯ ಕೆಟ್ಟಾಗ ಪಾತ್ರದ ಮೈಯನ್ನೇ ಬದಲಿಸಿ ಪ್ಯಾಟ್ರಿಕ್ ಟ್ರೌಟನ್ ಅವರನ್ನು ತಂದರಲ್ಲ, ಆಗ ಕಥೆಯೊಳಗೇ ಸಹಪ್ರಯಾಣಿಕ ಬೆನ್ ಈ ಹೊಸಬನನ್ನು ನಂಬಲು ಒಪ್ಪುವುದಿಲ್ಲ. ಜಗಳ ಬರುತ್ತದೆ ಎಂದು ಬರೆದವರಿಗೆ ಗೊತ್ತಿತ್ತು, ಅದಕ್ಕೇ ಅದನ್ನು ಒಳಗೆ ಕರೆದು ಕೂರಿಸಿಕೊಂಡರು. ಈಗ ನಿನ್ನ ಹಕ್ಕನ್ನು ಪ್ರಶ್ನಿಸುವವರು ಯಾವ ಡಾಕ್ಟರನ್ನು ತಮ್ಮವನು ಎನ್ನುತ್ತಾರೋ, ಅವನನ್ನೂ ಒಂದು ದಿನ ಯಾರೋ ಒಪ್ಪಿರಲಿಲ್ಲ.

ಈಗ ನಿನ್ನ ಮಾತಿಗೆ ಬರುತ್ತೇನೆ.

ಆ ರಟ್ಟಿನ ಗೋಡೆಗಳ ಹಿಂದೆ ಏನು ನಡೆಯುತ್ತಿತ್ತು ಎಂದು ತಿಳಿದರೆ ನಿನ್ನ ಕಣ್ಣು ಬೇರೆ ರೀತಿ ನೋಡುತ್ತದೆ. ಮೊದಲ ಋತುವಿನಲ್ಲಿ, ಅಂದರೆ ಮೊದಲ ಸೀಸನ್ನಿನಲ್ಲಿ, 42 ಕಂತುಗಳು. ನೀನು ಮೆಚ್ಚುವ 2005ರ ಋತುವಿನಲ್ಲಿ ಇದ್ದದ್ದು 13, ಇತ್ತೀಚಿನ ಋತುಗಳಲ್ಲಿ ಎಂಟೆಂಟು. ಆಗ ವಾರವಿಡೀ ರಂಗನಾಟಕದಂತೆ ತಾಲೀಮು ಮಾಡಿ, ಒಂದೇ ಸಂಜೆ ಇಡೀ ಕಂತನ್ನು ಹೆಚ್ಚುಕಡಿಮೆ ನಿಲ್ಲಿಸದೆ ಚಿತ್ರೀಕರಿಸುತ್ತಿದ್ದರು. ವಿಡಿಯೊ ಟೇಪ್ ಕತ್ತರಿಸಿ ಜೋಡಿಸುವುದು ದುಬಾರಿಯಾಗಿದ್ದರಿಂದ ಹಾರ್ಟ್ನೆಲ್ ಮಾತು ತಡವರಿಸಿದರೂ ಅದು ಹಾಗೆಯೇ ಉಳಿಯುತ್ತಿತ್ತು. ನನಗೆ ಆ ತಡವರಿಕೆ ಇಷ್ಟ. ಕೆಲಸ ಮಾಡುತ್ತಿರುವ ಮನುಷ್ಯ ಅಲ್ಲಿ ಕಾಣುತ್ತಾನೆ.

ಅದನ್ನು ಮಾಡಿದವರು ಯಾರು ಗೊತ್ತೇ? ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್ ಅವರಿಗೆ ಆಗ 27 ವರ್ಷ. ಮೊದಲ ಕಥೆಯ ನಿರ್ದೇಶಕ ವಾರಿಸ್ ಹುಸೇನ್ ಅವರಿಗೆ 24, ಹುಟ್ಟಿದ್ದು ಲಖನೌದಲ್ಲಿ. ಬಿಬಿಸಿಯ ಹಿರಿಯ ಗಂಡಸರ ನಡುವೆ ಹೊರಗಿನವರಂತೆ ಕಾಣುತ್ತಿದ್ದ ಈ ಇಬ್ಬರು ಎಳೆಯರ ಕೈಯಲ್ಲಿ ಈ ಸರಣಿ ಕಣ್ಣು ಬಿಟ್ಟಿತು. ರಾನ್ ಗ್ರೇನರ್ ಬರೆದ ಶೀರ್ಷಿಕೆ ಸಂಗೀತವನ್ನು ಡೀಲಿಯಾ ಡರ್ಬಿಷೈರ್ ಅವರು ಸಿಂಥಸೈಜರ್ ಇಲ್ಲದ ಕಾಲದಲ್ಲಿ ಒಂದೊಂದು ಸ್ವರವನ್ನೂ ಬೇರೆಬೇರೆ ಟೇಪಿನ ಮೇಲೆ ಮೂಡಿಸಿ, ಕತ್ತರಿಸಿ, ಅಂಟಿಸಿ ಕಟ್ಟಿದರು. ಡಾಕ್ಟರನ ಕಾಲಯಂತ್ರ ಟಾರ್ಡಿಸ್ ಇಳಿಯುವಾಗಿನ ಆ ಏದುಸಿರಿನ ಸದ್ದು ಕೇಳಿದರೆ ಮೈ ಜುಮ್ಮೆನ್ನುತ್ತದೆ ಎನ್ನುತ್ತೀಯಲ್ಲ? ಬ್ರಯಾನ್ ಹಾಡ್ಜ್‌ಸನ್ ಅದನ್ನು ಮಾಡಿದ್ದು ಪಿಯಾನೊದ ತಂತಿಯ ಮೇಲೆ ಬಾಗಿಲಿನ ಕೀಲಿ ಉಜ್ಜಿ. ನಿನಗೆ ಅತಿ ಪ್ರಿಯವಾದ ಸದ್ದು ಹಳೆಯ ‘ಡಾಕ್ಟರ್ ಹೂ’ವಿನದೇ.

ಹಳೆಯದರಲ್ಲಿ ನನ್ನ ತಾಳ್ಮೆಯನ್ನೂ ಕೆಡಿಸುವುದು ಇದೆ. ಆರು ಕಂತುಗಳ ಕಥೆಯಲ್ಲಿ ನಾಲ್ಕನೆಯ ಕಂತಿನ ಹೊತ್ತಿಗೆ ಎಲ್ಲರೂ ಸೆರೆ ಸಿಕ್ಕಿ, ತಪ್ಪಿಸಿಕೊಂಡು, ಮತ್ತೆ ಸೆರೆ ಸಿಗುತ್ತಾರೆ. ಹೊಸದರ ರೋಗ ಬೇರೆ: ಪ್ರತಿ ಋತುವಿನ ಕೊನೆಯಲ್ಲೂ ಇಡೀ ವಿಶ್ವವೇ ನಾಶವಾಗಲು ಹೊರಡುತ್ತದೆ, ಎರಡು ನಿಮಿಷದ ಓಡಾಟ, ಒಂದು ಭಾಷಣ, ಎಲ್ಲ ಸರಿಹೋಗುತ್ತದೆ. 2020ರಲ್ಲಿ ಡಾಕ್ಟರನ ಮೂಲವನ್ನೇ ಬದಲಿಸಿ, ಅವನ ಕುಲದವರಾದ ಟೈಮ್ ಲಾರ್ಡ್‌ಗಳೆಲ್ಲರ ಮರುಹುಟ್ಟಿನ ಶಕ್ತಿ ಆ ಒಬ್ಬ ವ್ಯಕ್ತಿಯಿಂದಲೇ ಬಂತು ಎಂದು ಹೇಳಿದ್ದು ನನಗೆ ಇಷ್ಟವಾಗಲಿಲ್ಲ. ಮನೆ ಬಿಟ್ಟು ಹೊರಟ ಒಬ್ಬ ಸಾಮಾನ್ಯ ಅಲೆಮಾರಿ ತನ್ನ ಆಯ್ಕೆಯಿಂದಲೇ ದೊಡ್ಡವನಾಗುವುದು ನನಗೆ ಹೆಚ್ಚು ಪ್ರಿಯ. ಈ ವಿಷಯದಲ್ಲಿ ನಿನ್ನ ಕೂಟದ ಹಿರಿಯರು ನನ್ನ ಪಕ್ಷ ಎಂದುಕೊಂಡಿದ್ದೇನೆ.

ಆದರೆ ಹಳೆಯದು, ಹೊಸದು ಎಂದು ಎರಡು ರಾಶಿ ಹಾಕಿ ತೂಗುವುದರಿಂದ ಏನು ಕಳೆದುಹೋಗುತ್ತದೆ ಎಂಬುದು ನಿನಗೆ ಕಾಣಬೇಕು. ಅದಕ್ಕೆ ಎರಡು ಕಥೆಗಳನ್ನು ಒಟ್ಟಿಗೆ ಇಟ್ಟು ನೋಡೋಣ.

2018ರ ‘ಡೀಮನ್ಸ್ ಆಫ್ ದ ಪಂಜಾಬ್’ ನಿನಗೆ ನೆನಪಿದೆ. ವಿನಯ್ ಪಟೇಲ್ ಬರೆದದ್ದು. ಡಾಕ್ಟರನ ಸಹಪ್ರಯಾಣಿಕೆ ಯಾಜ್ ತನ್ನ ಅಜ್ಜಿಯ ಯೌವನಕ್ಕೆ, 1947ರ ಆಗಸ್ಟ್‌ಗೆ ಹೋಗುತ್ತಾಳೆ. ಅಜ್ಜಿ ಉಂಬ್ರೀನ್ ಮದುವೆಯಾಗುತ್ತಿರುವುದು ಯಾಜ್‌ಳ ಅಜ್ಜನನ್ನಲ್ಲ, ಪ್ರೇಮ್ ಎಂಬ ಹಿಂದೂ ಯುವಕನನ್ನು. ಆ ಯುವಕನ ಸಾವಿಗೆ ಕಾರಣನಾಗುವವನು ಅವನ ಸ್ವಂತ ತಮ್ಮ. ಈ ಕಥೆಯ ಹೊತ್ತಿಗೆ ಹೆಣ್ಣಾಗಿರುವ ಡಾಕ್ಟರ್ ಮದುವೆ ಮಾಡಿಸುತ್ತಾಳೆ, ಗುಂಡು ಹಾರುವ ಮುನ್ನ ಯಾಜ್‌ಳನ್ನು ಕರೆದುಕೊಂಡು ತಿರುಗಿ ನಡೆಯುತ್ತಾಳೆ. ಪ್ರೇಮ್ ಬದುಕಿದರೆ ಯಾಜ್ ಹುಟ್ಟುವುದೇ ಇಲ್ಲ. ಕೊಲೆಗಾರರು ಎಂದು ನಾವು ಹೆದರಿದ್ದ ಆ ಅನ್ಯಗ್ರಹದವರು ಬಂದಿರುವುದು ಕೊಲ್ಲಲು ಅಲ್ಲ. ಯಾರೂ ಜೊತೆಗಿಲ್ಲದೆ ಸಾಯುವವರ ಪಕ್ಕದಲ್ಲಿ ನಿಂತು ಅವರ ಸಾವಿಗೆ ಸಾಕ್ಷಿಯಾಗಲು. ಆ ಸಂಚಿಕೆ ನೋಡಿ ಅತ್ತುಬಿಟ್ಟೆ ಎಂದು ನೀನು ಆಗ ಹೇಳಿದ್ದೆ. ದೇಶವಿಭಜನೆಯಲ್ಲಿ ಹೆಸರಿಲ್ಲದೆ ಸತ್ತವರನ್ನು ನೆನೆಯಲು ಇಷ್ಟು ಗೌರವದ ಉಪಾಯ ಹೊಳೆದದ್ದು ದೊಡ್ಡ ಮಾತು.

ಈಗ 1964ಕ್ಕೆ ಹೋಗು. ‘ದಿ ಆಜ್ಟೆಕ್ಸ್’, ಹಳೆಯ ಮೆಕ್ಸಿಕೊದ ಆಜ್ಟೆಕ್ ಜನರ ನಡುವೆ ನಡೆಯುವ ಕಥೆ, ನಾಲ್ಕೇ ಕಂತು, ನಾಲ್ಕೂ ಉಳಿದಿವೆ. ಡಾಕ್ಟರನ ಸಹಪ್ರಯಾಣಿಕೆ ಬಾರ್ಬರಾ ಇತಿಹಾಸದ ಶಿಕ್ಷಕಿ. ಟಾರ್ಡಿಸ್ ಸಮಾಧಿಯೊಂದರೊಳಗೆ ಇಳಿಯುತ್ತದೆ, ಅಲ್ಲಿದ್ದ ಕಡಗ ತೊಟ್ಟು ಹೊರಬಂದ ಅವಳನ್ನು ಜನ ಸತ್ತ ಪುರೋಹಿತನ ಮರುಹುಟ್ಟು ಎಂದು ಪೂಜಿಸುತ್ತಾರೆ. ಈ ಅಧಿಕಾರ ಬಳಸಿ ನರಬಲಿ ನಿಲ್ಲಿಸಿದರೆ, ಮುಂದೆ ಸ್ಪೇನಿನವರು ಬಂದಾಗ ಈ ನಾಗರಿಕತೆ ಉಳಿಯಬಹುದು ಎಂದು ಅವಳ ಲೆಕ್ಕ. ಚರಿತ್ರೆಯ ಒಂದು ಸಾಲನ್ನೂ ತಿದ್ದಲಾಗದು ಎಂದು ಡಾಕ್ಟರ್ ಬೇಡಿಕೊಳ್ಳುತ್ತಾನೆ. ಅವಳು ಕೇಳುವುದಿಲ್ಲ, ಬಲಿ ನಿಲ್ಲಿಸಿ ಎಂದು ಆಜ್ಞೆ ಮಾಡುತ್ತಾಳೆ. ಬಲಿಯಾಗಬೇಕಿದ್ದವನು ತನಗೆ ಅವಮಾನವಾಯಿತು ಎಂದು ತಾನೇ ಹಾರಿ ಪ್ರಾಣ ಬಿಡುತ್ತಾನೆ! ಕೊನೆಗೆ ಏನೂ ಬದಲಾಗುವುದಿಲ್ಲ. ಅವಳನ್ನು ನಂಬಿದ ಒಬ್ಬ ಪುರೋಹಿತ ಮಾತ್ರ ಎಲ್ಲವನ್ನೂ ಬಿಟ್ಟು ಸತ್ಯ ಹುಡುಕಿಕೊಂಡು ಹೊರಡುತ್ತಾನೆ. ನಾಗರಿಕತೆಯನ್ನು ಉಳಿಸಲು ಆಗದಿದ್ದರೂ ಒಬ್ಬ ಮನುಷ್ಯನಿಗೆ ನೆರವಾದೆ ಎಂದು ಡಾಕ್ಟರ್ ಅವಳನ್ನು ಸಮಾಧಾನ ಮಾಡುತ್ತಾನೆ.

ಅಲ್ಲಿ ಬಾರ್ಬರಾ, ಇಲ್ಲಿ ಯಾಜ್. ನಡುವೆ 54 ವರ್ಷ. ಎದುರಿಗಿರುವ ಅನ್ಯಾಯವನ್ನು ನಿಲ್ಲಿಸಲಾಗದೆ ನಿಂತವಳು ಏನು ಮಾಡಬೇಕು ಎಂಬ ಒಂದೇ ಪ್ರಶ್ನೆಗೆ 1964ರವರು ಒಂದು ಉತ್ತರ ಕೊಟ್ಟರು, 2018ರವರು ಇನ್ನೊಂದು. ಬಾರ್ಬರಾಳ ಸೋಲನ್ನು ನೋಡಿದ ಮೇಲೆ ಯಾಜ್ ಬೆನ್ನು ತಿರುಗಿಸಿ ನಡೆಯುವ ಆ ಗಳಿಗೆ ಇನ್ನೂ ಭಾರವಾಗುತ್ತದೆ. ನಿನ್ನ ಕೂಟದಲ್ಲಿ ಯಾರಾದರೂ ಇದನ್ನು ಎತ್ತಿಕೊಂಡು ಮಾತನಾಡಿದ್ದರೆ ಆ ಸಂಜೆ ಎಷ್ಟು ಚೆನ್ನಾಗಿರುತ್ತಿತ್ತು!

ಅಭಿಮಾನಿಗಳ ವಾದಗಳ ಬಗ್ಗೆ ನನಗೆ ಇಷ್ಟೊಂದು ಕಕ್ಕುಲಾತಿ ಏಕೆಂದರೆ, ಅವರಿಲ್ಲದಿದ್ದರೆ ಈ ಸರಣಿಯ ಅರ್ಧ ಬಾಲ್ಯ ಇಂದು ಇರುತ್ತಿರಲಿಲ್ಲ. ಟೇಪ್ ದುಬಾರಿಯಾಗಿತ್ತು, ಮರುಪ್ರಸಾರದ ಅವಕಾಶ ಕಡಿಮೆಯಿತ್ತು, ಮನೆಯಲ್ಲಿ ಕುಳಿತು ಮತ್ತೆ ನೋಡುವ ಕಾಲ ಬರುತ್ತದೆ ಎಂದು ಯಾರೂ ಎಣಿಸಿರಲಿಲ್ಲ. ಬಿಬಿಸಿ ಅರವತ್ತರ ದಶಕದ ಟೇಪುಗಳನ್ನು ಅಳಿಸಿ ಮರುಬಳಕೆ ಮಾಡಿತು, ಹೊರದೇಶಗಳಿಗೆ ಮಾರಲು ಮಾಡಿದ ಫಿಲ್ಮ್ ಪ್ರತಿಗಳೂ ಮುಂದೆ ನಾಶವಾದವು. ತೊಂಬತ್ತಕ್ಕೂ ಹೆಚ್ಚು ಕಂತುಗಳು ಕಾಣೆಯಾಗಿವೆ. ವಾರಿಸ್ ಹುಸೇನ್ ಅವರು ಬಹುಪಾಲು ನಿರ್ದೇಶಿಸಿದ ‘ಮಾರ್ಕೊ ಪೋಲೊ’ದ ಏಳೂ ಕಂತುಗಳು ಅದರಲ್ಲಿ ಸೇರಿವೆ. ಆದರೆ ಆ ಕಾಣೆಯಾದ ಪ್ರತಿಯೊಂದು ಕಂತಿನ ಧ್ವನಿ ನಮ್ಮ ಬಳಿ ಇದೆ. ಮನೆಯ ಟಿವಿಯ ಮುಂದೆ ರೆಕಾರ್ಡರ್ ಇಟ್ಟು, ಮನೆಮಂದಿಯನ್ನು ಸುಮ್ಮನಿರಿಸಿ ಧ್ವನಿಮುದ್ರಿಸಿಕೊಂಡ ಹುಡುಗರಿಂದ ಅದು ಉಳಿಯಿತು. ಟ್ರೌಟನ್ ಅವರ ಮೊದಲ ಕಥೆಯ ಆರೂ ಕಂತುಗಳಿಗೆ 2016ರಲ್ಲಿ ಹೊಸದಾಗಿ ಅನಿಮೇಷನ್ ಮಾಡಿದಾಗ ಆಧಾರವಾದದ್ದು ಆ ಧ್ವನಿಯೇ.

ಇನ್ನೊಂದು ಸಂಗತಿ ನಿನ್ನ ವಾದಕ್ಕೆ ನೇರ ತಗಲುತ್ತದೆ. ‘ದಿ ಎನಿಮಿ ಆಫ್ ದ ವರ್ಲ್ಡ್’ ಎಂಬ ಆರು ಕಂತುಗಳ ಕಥೆಯಲ್ಲಿ ಬಹುಕಾಲ ಉಳಿದಿದ್ದದ್ದು ಮೂರನೆಯ ಕಂತು ಮಾತ್ರ. ಆ ಒಂದನ್ನು ನೋಡಿ ಇಡೀ ಕಥೆ ಸಪ್ಪೆ ಎಂದು ಅನೇಕರು ತೀರ್ಮಾನಿಸಿಬಿಟ್ಟಿದ್ದರು. 2013ರಲ್ಲಿ ನೈಜೀರಿಯಾದ ಜೋಸ್ ನಗರದ ಟಿವಿ ಕೇಂದ್ರವೊಂದರಲ್ಲಿ ಫಿಲಿಪ್ ಮಾರಿಸ್ ಪತ್ತೆಹಚ್ಚಿದ ಡಬ್ಬಿಗಳಿಂದ ಉಳಿದ ಐದೂ ಕಂತುಗಳು ಬಂದವು. ಡಾಕ್ಟರನಾಗಿಯೂ ಸರ್ವಾಧಿಕಾರಿ ಸಾಲಮಾಂಡರ್ ಆಗಿಯೂ ಟ್ರೌಟನ್ ನಟಿಸಿದ ಆ ಕಥೆಯನ್ನು ಪೂರ್ತಿಯಾಗಿ ನೋಡಿದ ಮೇಲೆ ಅದೇ ಜನ ತಮ್ಮ ಅಭಿಪ್ರಾಯ ಬದಲಿಸಿಕೊಂಡರು. ನೀನು ನೋಡಿರುವ ಹಳೆಯ ಡಾಕ್ಟರ್ ಎಷ್ಟು? ನಗಿಸಲೆಂದು ಕತ್ತರಿಸಿ ಹಂಚಿದ ತುಣುಕುಗಳಲ್ಲವೇ?

1989ರಲ್ಲಿ ಸರಣಿ ನಿಂತಿತು. ನಡುವೆ 1996ರಲ್ಲಿ ಒಂದು ಟಿವಿ ಚಿತ್ರ ಬಂದದ್ದು ಬಿಟ್ಟರೆ ಹದಿನಾರು ವರ್ಷ ಪರದೆಯ ಮೇಲೆ ಹೊಸ ಸರಣಿಯಿಲ್ಲ. ಅದನ್ನು 2005ರಲ್ಲಿ ಎಬ್ಬಿಸಿದ ರಸೆಲ್ ಟಿ. ಡೇವಿಸ್ ಬಾಲ್ಯದಿಂದಲೂ ಅಭಿಮಾನಿ. ನೀನು ಕೊಂಡಾಡುವ ‘ಬ್ಲಿಂಕ್’ ಬರೆದ ಸ್ಟೀವನ್ ಮೊಫಟ್ ಕೂಡ ಹಾಗೆಯೇ. ಹದಿನೈದರ ಹುಡುಗನಾಗಿದ್ದಾಗ ಪೀಟರ್ ಕಪಾಲ್ಡಿ ಈ ಸರಣಿಯನ್ನು ಮೆಚ್ಚಿ ‘ರೇಡಿಯೊ ಟೈಮ್ಸ್’ ಪತ್ರಿಕೆಗೆ ಬರೆದ ಕಾಗದ 1974ರಲ್ಲಿ ಅಚ್ಚಾಯಿತು, ಮುಂದೆ ಅವರೇ ಡಾಕ್ಟರ್ ಆದರು. ಹೊಸದನ್ನು ಕಟ್ಟಿದವರು ಹಳೆಯದನ್ನು ನೋಡಿ ಬೆಳೆದ ಮಕ್ಕಳು. ಇದು ಗೊತ್ತಿದ್ದರೆ 2006ರ ‘ಸ್ಕೂಲ್ ರಿಯೂನಿಯನ್’ ನೋಡುವಾಗ ಡಾಕ್ಟರನ ಹಳೆಯ ಸಹಪ್ರಯಾಣಿಕೆ ಸಾರಾ ಜೇನ್ ಅಷ್ಟು ವರ್ಷಗಳ ಕೋಪ, ಪ್ರೀತಿ ಎರಡನ್ನೂ ಹೊತ್ತು ನಿಂತದ್ದು ಏಕೆ ಎಂದು ತಿಳಿಯುತ್ತದೆ. 1976ರಲ್ಲಿ ಅವಳನ್ನು ಇಳಿಸಿಹೋದ ಡಾಕ್ಟರ್ ತಿರುಗಿ ಬರಲೇ ಇಲ್ಲವಲ್ಲ.

ನೋಡುವ ಬಗೆಯನ್ನು ಹೇಳುತ್ತೇನೆ. ಹಳೆಯ ಕಥೆಯನ್ನು ಒಂದೇ ರಾತ್ರಿ ಮುಗಿಸಲು ಹೋಗಬೇಡ. ಇಪ್ಪತ್ತೈದು ನಿಮಿಷದ ಕಂತುಗಳನ್ನು ಬರೆದದ್ದು ವಾರಕ್ಕೊಂದರಂತೆ ನೋಡಲು. ಕೊನೆಯಲ್ಲಿ ಅಪಾಯದ ಅಂಚಿಗೆ ತಂದು ನಿಲ್ಲಿಸಿದಾಗ ಮುಂದೇನು ಎಂದು ಯೋಚಿಸಲು ಬಿಡುವು ಇರಬೇಕು. ದಿನಕ್ಕೊಂದು ಸಾಕು. ‘ದಿ ಆಜ್ಟೆಕ್ಸ್’ ಮೊದಲು ನೋಡು. ನಗು ಬೇಕೆನಿಸಿದರೆ ಪ್ಯಾರಿಸ್‌ನಲ್ಲಿ ಚಿತ್ರೀಕರಿಸಿದ, 1979ರ ‘ಸಿಟಿ ಆಫ್ ಡೆತ್’. ಆಮೇಲೆ 1975ರ ‘ಜೆನೆಸಿಸ್ ಆಫ್ ದ ಡಾಲೆಕ್ಸ್’.

ಇದರ ಆರನೆಯ ಕಂತು ಮುಗಿದ ಕೂಡಲೇ ನನಗೆ ಬರೆಯಬೇಕು. ಡಾಕ್ಟರ್ ಪಾತ್ರದ ಟಾಮ್ ಬೇಕರ್ ಎರಡು ತಂತಿಗಳನ್ನು ಹಿಡಿದು ನಿಂತಿರುತ್ತಾರೆ. ಅವೆರಡನ್ನು ಸೋಕಿಸಿದರೆ ಡಾಕ್ಟರನ ಬದ್ಧವೈರಿಗಳಾದ ಡಾಲೆಕ್ ಕುಲ ಹುಟ್ಟುವ ಮೊದಲೇ ಮುಗಿಯುತ್ತದೆ. ಸೋಕಿಸು ಎನ್ನುತ್ತಾಳೆ ಸಾರಾ ಜೇನ್. ತನಗೆ ಆ ಹಕ್ಕಿದೆಯೇ ಎಂದು ಡಾಕ್ಟರ್ ಕೇಳುತ್ತಾನೆ, ನಿರ್ಧಾರ ಮಾಡುವ ಮೊದಲೇ ಯಾರೋ ಬಂದು ಅವನನ್ನು ಆ ಸಂಕಟದಿಂದ ಬಿಡಿಸುತ್ತಾರೆ. ಸಾರಾ ಜೇನ್ ಹೇಳಿದ್ದೇ ಸರಿ, ಅವನು ಸೋಕಿಸಬೇಕಿತ್ತು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನಿನ್ನ ಸ್ವಭಾವ ಬಲ್ಲೆ, ನೀನು ಒಪ್ಪಲಾರೆ. ಕಾರಣಗಳ ಸಮೇತ ಬರೆ.

ನಿನ್ನ ಪ್ರೀತಿಯ
ಅಮ್ಮ