ಹೀಟ್ ಟ್ರಾನ್ಸ್‌ಫರ್ ಬೇಸರವೆಂದ ಮಗಳಿಗೆ

ಬೆಂಗಳೂರು

ಚಿರಂಜೀವಿ ಮಗಳಿಗೆ ಅಮ್ಮನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ನೀನು ಕೇಳಿದ ಎರಡು ಪ್ರಶ್ನೆಗಳಿಗೆ ಫೋನಿನಲ್ಲೇ ಉತ್ತರಿಸಬಹುದಿತ್ತು; ಆದರೆ ಫೋನಿನಲ್ಲಿ ನೀನು ನನ್ನ ಮಾತು ಅರ್ಧವಾಗುವಷ್ಟರಲ್ಲಿ ‘ಆಯ್ತಮ್ಮ’ ಎಂದು ಮುಗಿಸಿಬಿಡುತ್ತೀಯೆ. ಹಾಗಾಗಿ ಬರೆಯುತ್ತಿದ್ದೇನೆ. ಕ್ಯಾಂಪಸ್ಸಿಗೆ ಬರುವ ಸಾಫ್ಟ್‌ವೇರ್ ಕಂಪನಿಗಳು ಯಾವ ಬ್ರಾಂಚಿನವರನ್ನಾದರೂ ತೆಗೆದುಕೊಳ್ಳುತ್ತವೆ, ಮೆಕ್ಯಾನಿಕಲ್‌ನಲ್ಲಿ (ಅಂದರೆ ನೀನು ಓದುತ್ತಿರುವ ಮೆಕ್ಯಾನಿಕಲ್ ಎಂಜಿನಿಯರಿಂಗಿನಲ್ಲಿ) ಭವಿಷ್ಯವಿಲ್ಲವೆಂದು ಸೀನಿಯರ್‌ಗಳೆಲ್ಲ ಹೇಳುತ್ತಿದ್ದಾರೆ, ಹಾಗಾದರೆ ಅತ್ತಲೇ ಹೋಗಿಬಿಡಲೇ ಎಂಬುದು ನಿನ್ನ ಮೊದಲ ಪ್ರಶ್ನೆ. ಹೀಟ್ ಟ್ರಾನ್ಸ್‌ಫರ್ ಎಂಬ ವಿಷಯ, ಅಂದರೆ ಬಿಸಿ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗುವ ಬಗೆ, ಎಷ್ಟು ಓದಿದರೂ ತಲೆಗೆ ಹತ್ತುತ್ತಿಲ್ಲ, ಹೇಗೋ ಪಾಸಾದರೆ ಸಾಕಲ್ಲವೇ ಎಂಬುದು ಎರಡನೆಯದು. ನನ್ನ ಮಟ್ಟಿಗೆ ಇವೆರಡಕ್ಕೂ ಉತ್ತರ ಒಂದೇ ಕಡೆ ಇದೆ.

ಮೆಕ್ಯಾನಿಕಲ್ ಎಂದರೆ ಲೇತು, ಗೇರು, ಗ್ರೀಸು ಎಂದು ತಿಳಿದವರು ‘ಅದರ ಕಾಲ ಮುಗಿಯಿತು’ ಎನ್ನುತ್ತಾರೆ. ಎಚ್‌ಎಂಟಿ ಗಡಿಯಾರದ ಕಾರ್ಖಾನೆ ಮುಚ್ಚಿದ್ದನ್ನೂ ಹರಿಹರದ ಮೈಸೂರು ಕಿರ್ಲೋಸ್ಕರ್ ನಿಂತುಹೋದದ್ದನ್ನೂ ಕಂಡ ತಲೆಮಾರು ಹಾಗೆನ್ನುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೆ ನಾನು ಪೀಣ್ಯದಲ್ಲಿ ಅಳತೆಯ ಕೆಲಸದಲ್ಲಿರುವವಳು. ನಮ್ಮ ಟೇಬಲ್ಲಿನ ಮೇಲೆ ಬಂದು ಕೂರುವ ಜಾಬ್‌ಗಳು, ಅಂದರೆ ಅಳತೆಗೆ ಬರುವ ಬಿಡಿಭಾಗಗಳು, ಬದಲಾದ ರೀತಿಯನ್ನು ನೋಡುತ್ತ ಬಂದಿದ್ದೇನೆ. ಮೊದಲು ಬರುತ್ತಿದ್ದವುಗಳಲ್ಲಿ ಹೆಚ್ಚಿನವು ಶಾಫ್ಟು, ಬುಷ್ಷು, ವಾಲ್ವ್ ಬಾಡಿ. ಈಗ ಅವುಗಳ ಜೊತೆಗೆ ಬ್ಯಾಟರಿಯ ಕೂಲಿಂಗ್ ಪ್ಲೇಟ್, ಮೋಟಾರಿನ ಹೊರಕವಚ, ಕೂದಲೆಳೆಯಷ್ಟು ಸಣ್ಣ ಕಾಲುವೆಗಳಿರುವ ತಾಮ್ರದ ಚಪ್ಪಟೆ ತುಂಡುಗಳು ಬರುತ್ತವೆ. ಇವುಗಳಲ್ಲಿ ಬಹುಪಾಲಿನ ಉದ್ದೇಶ ಒಂದೇ: ಎಲ್ಲೋ ಹುಟ್ಟುವ ಬಿಸಿಯನ್ನು ಇನ್ನೆಲ್ಲಿಗೋ ಸಾಗಿಸುವುದು. ಹೊಸ ತಂತ್ರಜ್ಞಾನ ಎಂದು ಪತ್ರಿಕೆಗಳು ಬರೆಯುವ ಬಹಳಷ್ಟು ಸಂಗತಿಗಳು ಕೊನೆಗೆ ಬಿಸಿಯ ಎದುರು ಬಂದು ನಿಲ್ಲುತ್ತವೆ, ಅಲ್ಲಿಂದ ಮುಂದಿನದು ನಿಮ್ಮ ಬ್ರಾಂಚಿನ ಕೆಲಸ.

ಎಲೆಕ್ಟ್ರಿಕ್ ವಾಹನವನ್ನೇ ನೋಡು. ಎಂಜಿನ್ ಹೋಗಿ ಮೋಟಾರು ಬಂದರೆ ಮೆಕ್ಯಾನಿಕಲ್‌ನವರಿಗೆ ಏನು ಉಳಿಯಿತು ಎಂದು ನಿನ್ನ ಚಿಕ್ಕಪ್ಪ ಪ್ರತಿ ಹಬ್ಬದಲ್ಲೂ ಕೇಳುತ್ತಾರೆ. ಪಿಸ್ಟನ್, ವಾಲ್ವ್, ಕ್ಲಚ್ಚುಗಳ ಕೆಲಸ ಕಡಿಮೆಯಾಗುತ್ತಿದೆ ಎಂಬುದು ನಿಜ, ಅದನ್ನು ನಂಬಿಕೊಂಡಿದ್ದ ಸಣ್ಣ ವರ್ಕ್‌ಶಾಪುಗಳಿಗೆ ಅದು ನಷ್ಟವೇ. ಆದರೆ ಬ್ಯಾಟರಿಯೊಳಗಿನ ಲಿಥಿಯಂ ಅಯಾನ್ ಕೋಶ ಮನುಷ್ಯನಿಗೆ ಹಿತವೆನಿಸುವಂತಹ ಉಷ್ಣತೆಯಲ್ಲಿ ಮಾತ್ರ ನೆಮ್ಮದಿಯಿಂದ ಕೆಲಸ ಮಾಡುತ್ತದೆ. ಬೆಂಗಳೂರಿನಲ್ಲಿ ಚೆನ್ನಾಗಿ ಓಡುವ ಸ್ಕೂಟರು ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲಿನಲ್ಲಿ ನಿಂತಾಗ ಅದರ ಬ್ಯಾಟರಿ ಬೇಗ ಮುಪ್ಪಾಗತೊಡಗುತ್ತದೆ. ಬೇಗ ಚಾರ್ಜ್ ಆಗಬೇಕೆಂದು ವಿದ್ಯುತ್ ಪ್ರವಾಹವನ್ನು ಎರಡರಷ್ಟು ಮಾಡಿದರೆ ಒಳರೋಧದಿಂದ ಹುಟ್ಟುವ ಬಿಸಿ ನಾಲ್ಕರಷ್ಟಾಗುತ್ತದೆ. ಇದು ನೀನು ಪಿಯುಸಿಯಲ್ಲೇ ಓದಿದ ಲೆಕ್ಕ. ಒಂದು ಕೋಶ ಮಿತಿಮೀರಿ ಕಾದರೆ ಅದರೊಳಗಿನ ರಾಸಾಯನಿಕ ಕ್ರಿಯೆಯೇ ಮತ್ತಷ್ಟು ಬಿಸಿಯನ್ನು ಹುಟ್ಟಿಸಿ, ಪಕ್ಕದ ಕೋಶಕ್ಕೂ ಅದನ್ನು ಹಬ್ಬಿಸುತ್ತದೆ. 2022ರ ಬೇಸಿಗೆಯಲ್ಲಿ ದೇಶದ ಹಲವೆಡೆ ಎಲೆಕ್ಟ್ರಿಕ್ ಸ್ಕೂಟರುಗಳಿಗೆ ಬೆಂಕಿ ಹೊತ್ತಿಕೊಂಡದ್ದು ನಿನಗೆ ನೆನಪಿರಬಹುದು. ಅದಾದ ಮೇಲೆ ಎಐಎಸ್ 156 ಎಂಬ ಸುರಕ್ಷತಾ ಮಾನದಂಡವನ್ನು ಬಿಗಿಗೊಳಿಸಿದರು. ಕೋಶಗಳ ನಡುವೆ ಎಷ್ಟು ಅಂತರವಿರಬೇಕು, ನಡುವೆ ಯಾವ ವಸ್ತುವನ್ನು ತುಂಬಬೇಕು, ಒತ್ತಡ ಹೆಚ್ಚಿದಾಗ ಅನಿಲ ಯಾವ ದಾರಿಯಿಂದ ಹೊರಹೋಗಬೇಕು ಎಂಬುದನ್ನು ನಿರ್ಧರಿಸುವವರು ಯಾರೆಂದು ನೀನೇ ಹೇಳು.

ಮೋಟಾರಿನ ಕಥೆಯೂ ಇದೇ, ಅದು ಇನ್ನೂ ಸ್ವಾರಸ್ಯಕರ. ಅದರ ತಿರುಗುವ ಭಾಗವಾದ ರೋಟರಿನಲ್ಲಿರುವ ನಿಯೋಡಿಮಿಯಂ ಅಯಸ್ಕಾಂತದ ಸಾಮಾನ್ಯ ದರ್ಜೆ 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ತನ್ನ ಬಲವನ್ನು ಕಳೆದುಕೊಳ್ಳತೊಡಗುತ್ತದೆ. ಹೆಚ್ಚು ಬಿಸಿಯನ್ನು ತಡೆಯಲೆಂದು ಅದಕ್ಕೆ ಡಿಸ್ಪ್ರೋಸಿಯಂ, ಟರ್ಬಿಯಂಗಳಂತಹ ವಿರಳ ಲೋಹಗಳನ್ನು ಬೆರೆಸುತ್ತಾರೆ. 2025ರ ಏಪ್ರಿಲ್‌ನಲ್ಲಿ ಚೀನಾ ಈ ಲೋಹಗಳ ಮತ್ತು ಅವನ್ನು ಬೆರೆಸಿದ ಅಯಸ್ಕಾಂತಗಳ ರಫ್ತಿಗೆ ಪರವಾನಗಿ ಕಡ್ಡಾಯಗೊಳಿಸಿದಾಗ ನಮ್ಮ ವಾಹನ ಕಂಪನಿಗಳು ಪರದಾಡಿದವು. ಮೋಟಾರನ್ನು ಚೆನ್ನಾಗಿ ತಂಪಾಗಿರಿಸಬಲ್ಲವರಿಗೆ ಡಿಸ್ಪ್ರೋಸಿಯಂ ಕಡಿಮೆ ಸಾಕು. ಎರಡು ದೇಶಗಳ ನಡುವಿನ ವ್ಯಾಪಾರದ ಬಿಕ್ಕಟ್ಟಿಗೆ ಭಾಗಶಃ ಉತ್ತರ ನೀನು ಬೇಸರವೆಂದು ಮುಚ್ಚಿಟ್ಟ ಪುಸ್ತಕದಲ್ಲಿದೆ.

ಇನ್ನು ನಿನ್ನ ಗೆಳತಿಯರೆಲ್ಲ ಹಂಬಲಿಸುವ ಕೃತಕ ಬುದ್ಧಿಮತ್ತೆಯ ಕಡೆಗೆ ಬರೋಣ. ಎನ್‌ವಿಡಿಯಾದ ಜಿಬಿ200 ಎನ್‌ವಿಎಲ್72 ಎಂಬ ಒಂದೇ ರ‍್ಯಾಕ್‌ನಲ್ಲಿ (ಕಂಪ್ಯೂಟರುಗಳನ್ನು ಜೋಡಿಸಿಟ್ಟ ಬೀರುವಿನಲ್ಲಿ) 72 ಜಿಪಿಯು ಚಿಪ್‌ಗಳಿರುತ್ತವೆ, ಅದು ಸುಮಾರು 120 ಕಿಲೋವ್ಯಾಟ್ ವಿದ್ಯುತ್ತನ್ನು ಬಳಸುತ್ತದೆ. ಬಳಸಿದ ವಿದ್ಯುತ್ತೆಲ್ಲ ಕೊನೆಗೆ ಬಿಸಿಯಾಗಿಯೇ ಹೊರಬರಬೇಕು. ಅಂದರೆ ಒಂದು ಬೀರುವಿನೊಳಗೆ ನೂರಿಪ್ಪತ್ತು ಇಸ್ತ್ರಿ ಪೆಟ್ಟಿಗೆಗಳನ್ನು ಒಟ್ಟಿಗೆ ಕಾಯಿಸಿಟ್ಟಂತೆ. ಫ್ಯಾನು ಹಾಕಿ ಗಾಳಿ ಊದಿ ಇದನ್ನು ತಣಿಸಲಾಗದು. ಸಮಾನ ಗಾತ್ರದ ಗಾಳಿಗೆ ಹೋಲಿಸಿದರೆ ನೀರು ಸುಮಾರು 3,500 ಪಟ್ಟು ಹೆಚ್ಚು ಶಾಖವನ್ನು ಹೊತ್ತೊಯ್ಯುತ್ತದೆ. ಆದ್ದರಿಂದಲೇ ಈಗ ಚಿಪ್‌ನ ತಲೆಯ ಮೇಲೆಯೇ ತಾಮ್ರದ ತಟ್ಟೆಯನ್ನಿಟ್ಟು, ಅದರೊಳಗಿನ ಸೂಕ್ಷ್ಮ ಕಾಲುವೆಗಳಲ್ಲಿ ದ್ರವವನ್ನು ಹರಿಸುತ್ತಾರೆ. ಕಾಲುವೆ ಕಿರಿದಾದಷ್ಟೂ ಶಾಖ ಚೆನ್ನಾಗಿ ಹೋಗುತ್ತದೆ, ಆದರೆ ಪಂಪಿನ ಮೇಲಿನ ಹೊರೆ ಏರುತ್ತದೆ, ಕಸ ಕಟ್ಟಿಕೊಳ್ಳುವ ಅಪಾಯವೂ ಏರುತ್ತದೆ. ಒಂದು ಜೋಡಣೆ ಸೋರಿದರೆ ಕೋಟಿಗಟ್ಟಲೆ ಬೆಲೆಯ ಯಂತ್ರ ಹಾಳು. ಈ ಹಗ್ಗಜಗ್ಗಾಟವನ್ನು ಸರಿದೂಗಿಸುವ ಎಂಜಿನಿಯರನ್ನು ಕಂಪನಿಗಳು ‘ಥರ್ಮಲ್ ಎಂಜಿನಿಯರ್’ ಎಂಬ ಹೆಸರಿನಲ್ಲಿ ಹುಡುಕುತ್ತವೆಯೇ ಹೊರತು ‘ಮೆಕ್ಯಾನಿಕಲ್’ ಎಂದು ಬರೆಯುವುದಿಲ್ಲ. ಚಿಪ್ ತಯಾರಿಸುವ ಯಂತ್ರಗಳನ್ನು ಕಟ್ಟುವ ಲ್ಯಾಮ್ ರಿಸರ್ಚ್, ಅಪ್ಲೈಡ್ ಮೆಟೀರಿಯಲ್ಸ್ ಎರಡಕ್ಕೂ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕೇಂದ್ರಗಳಿವೆ; ಅಲ್ಲಿಯೂ ನಿರ್ವಾತ, ಉಷ್ಣತೆ, ಕಂಪನಗಳದ್ದೇ ಚಿಂತೆ. ನಿನ್ನ ಸೀನಿಯರ್‌ಗಳು ಕೆಲಸವಿಲ್ಲ ಎನ್ನುವಾಗ ಯಾವ ಹೆಸರಿನಲ್ಲಿ ಹುಡುಕಿದರೆಂದು ಒಮ್ಮೆ ಕೇಳಿನೋಡು.

3ಡಿ ಪ್ರಿಂಟಿಂಗ್ ಬಗ್ಗೆ ನಿನಗೆ ಉತ್ಸಾಹವಿದೆಯೆಂದು ಬಲ್ಲೆ. ನನಗೆ ಮೊದಲು ಅದರ ಮೇಲೆ ಅನುಮಾನವಿತ್ತು, ಏಕೆಂದರೆ ಆರಂಭದಲ್ಲಿ ಬಂದದ್ದೆಲ್ಲ ಶೋಕೇಸಿನಲ್ಲಿಡುವಂತಹ ಪ್ಲಾಸ್ಟಿಕ್ ಬೊಂಬೆಗಳು. ಅನುಮಾನವನ್ನು ಕಳೆದದ್ದು ಇಸ್ರೋದ ಪಿಎಸ್4 ಎಂಜಿನ್. ಪಿಎಸ್‌ಎಲ್‌ವಿಯ ನಾಲ್ಕನೆಯ ಹಂತದ ಈ ಎಂಜಿನನ್ನು ಲೋಹದ ಪುಡಿಯ ಪದರಗಳನ್ನು ಲೇಸರಿನಿಂದ ಕರಗಿಸಿ ಕಟ್ಟುವ ವಿಧಾನಕ್ಕೆ ತಕ್ಕಂತೆ ಮರುವಿನ್ಯಾಸ ಮಾಡಿದಾಗ, 14 ಬಿಡಿಭಾಗಗಳು ಒಂದೇ ತುಂಡಾದವು, 19 ಬೆಸುಗೆಗಳು ಇಲ್ಲವಾದವು. ಹಿಂದೆ ಒಂದು ಎಂಜಿನ್ನಿಗೆ 565 ಕಿಲೋ ಫೋರ್ಜಿಂಗ್ (ಒತ್ತಿ ಬಡಿದು ರೂಪಿಸಿದ ಲೋಹ) ಮತ್ತು ಲೋಹದ ಹಾಳೆ ಬೇಕಾಗುತ್ತಿದ್ದಲ್ಲಿ 13.7 ಕಿಲೋ ಪುಡಿ ಸಾಕಾಯಿತು. 2024ರ ಮೇ 9ರಂದು ಅದು 665 ಸೆಕೆಂಡು ಉರಿದು ಪರೀಕ್ಷೆಯಲ್ಲಿ ಗೆದ್ದಿತು. ಅದೇ ತಿಂಗಳ 30ರಂದು ಚೆನ್ನೈನ ಅಗ್ನಿಕುಲ್ ಕಂಪನಿ ಒಂದೇ ತುಂಡಾಗಿ ಮುದ್ರಿಸಿದ ಎಂಜಿನ್ನಿನೊಂದಿಗೆ ಶ್ರೀಹರಿಕೋಟಾದಿಂದ ಪ್ರಾಯೋಗಿಕ ರಾಕೆಟ್ ಹಾರಿಸಿತು. ರಾಕೆಟ್ ಎಂಜಿನ್ನುಗಳಲ್ಲಿ ಈ ವಿಧಾನದ ದೊಡ್ಡ ಲಾಭವೆಂದರೆ ಗೋಡೆಯೊಳಗೇ ಬಾಗಿ ಬಳುಕಿ ಸಾಗುವ ತಂಪಿನ ಕಾಲುವೆಗಳನ್ನು ಮೂಡಿಸಬಹುದು. ಇಂಧನವೇ ಆ ಕಾಲುವೆಗಳಲ್ಲಿ ಹರಿದು ಗೋಡೆಯನ್ನು ತಣಿಸಿ, ಆಮೇಲೆ ಉರಿಯಲು ಹೋಗುತ್ತದೆ. ಡ್ರಿಲ್ಲಿನಿಂದ ಅಂತಹ ರಂಧ್ರ ಕೊರೆಯಲು ಯಾರಿಂದಲೂ ಆಗದು.

ಹಾಗೆಂದು ಮುದ್ರಣ ಮುಗಿದ ಕೂಡಲೇ ಕೆಲಸ ಮುಗಿಯುತ್ತದೆಂದು ತಿಳಿಯಬೇಡ. ಪದರ ಪದರವಾಗಿ ಕರಗಿ ಗಟ್ಟಿಯಾಗುವಾಗ ಒಳಗೆ ಒತ್ತಡಗಳು ಸೇರಿಕೊಂಡಿರುತ್ತವೆ, ಅವನ್ನು ಬಿಡಿಸಲು ಮತ್ತೆ ಕುಲುಮೆಗೆ ಹಾಕಬೇಕು. ಬೇರೆ ಭಾಗಗಳೊಂದಿಗೆ ಕೂಡುವ ಮುಖಗಳನ್ನು ಸಿಎನ್‌ಸಿಯಲ್ಲಿ, ಅಂದರೆ ಕಂಪ್ಯೂಟರ್ ನಡೆಸುವ ಯಂತ್ರದಲ್ಲಿ, ಕೆತ್ತಬೇಕು. ಒಳಗಿನ ದೋಷಗಳನ್ನು ಸಿಟಿ ಸ್ಕ್ಯಾನಿನಲ್ಲಿ ನೋಡಬೇಕು. ಕೊನೆಗೆ ನನ್ನಂತಹವರು ಅಳೆಯಬೇಕು. ಅಳತೆಯ ಮನೆಯಲ್ಲೂ ಬಿಸಿಯೇ ವೈರಿ. ಒಂದು ಮೀಟರ್ ಉದ್ದದ ಉಕ್ಕು ಒಂದು ಡಿಗ್ರಿ ಕಾದರೆ ಹನ್ನೊಂದೂವರೆ ಮೈಕ್ರಾನಿನಷ್ಟು ಬೆಳೆಯುತ್ತದೆ; ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಜಗತ್ತೆಲ್ಲ 20 ಡಿಗ್ರಿಯಲ್ಲಿ ಅಳೆಯಬೇಕೆಂದು ಒಪ್ಪಿಕೊಂಡಿರುವುದು ಇದಕ್ಕಾಗಿಯೇ. 300 ಮಿಲಿಮೀಟರಿನ ಶಾಫ್ಟನ್ನು 30 ಡಿಗ್ರಿಯಲ್ಲಿ ಅಳೆದರೆ ಅದು ಸುಮಾರು 35 ಮೈಕ್ರಾನ್ ಹೆಚ್ಚು ಉದ್ದ ಕಾಣುತ್ತದೆ. ನೀವು ಡ್ರಾಯಿಂಗಿನಲ್ಲಿ ಸುಲಭವಾಗಿ ಬರೆದುಬಿಡುವ 50 ಎಚ್7 ರಂಧ್ರಕ್ಕೆ, ಅಂದರೆ 50 ಮಿಲಿಮೀಟರ್ ವ್ಯಾಸದ ನಿಖರ ರಂಧ್ರಕ್ಕೆ, ಇರುವ ಒಟ್ಟು ಸಹಿಷ್ಣುತೆಯೇ (ಟಾಲರೆನ್ಸ್, ಅಳತೆಯಲ್ಲಿ ಒಪ್ಪಬಹುದಾದ ವ್ಯತ್ಯಾಸ) 25 ಮೈಕ್ರಾನ್. ಮೆಷಿನ್ನಿನಿಂದ ಇಳಿದ ಜಾಬನ್ನು ಅಳತೆಯ ಕೋಣೆಯಾದ ಸ್ಟ್ಯಾಂಡರ್ಡ್ಸ್ ರೂಮಿನಲ್ಲಿ ಗಂಟೆಗಟ್ಟಲೆ ಇಟ್ಟು ಕಾಯುವುದೇಕೆಂದು ಹೊಸ ಹುಡುಗರು ಗೊಣಗುತ್ತಾರೆ. ಮ್ಯಾನೇಜರುಗಳೂ ಗೊಣಗುತ್ತಾರೆ, ಅದು ಬೇರೆ ಮಾತು.

ವಿನ್ಯಾಸದ ಕೆಲಸವನ್ನೆಲ್ಲ ಕಂಪ್ಯೂಟರೇ ಮಾಡಿಬಿಡುತ್ತದಲ್ಲ ಎಂದು ನೀನು ಕೇಳಬಹುದು. ಭಾರ ಎಲ್ಲಿ ಬೀಳುತ್ತದೆಂದು ಹೇಳಿದರೆ ಬೇಡದ ಲೋಹವನ್ನು ತಾನೇ ಕಳೆದು, ಮೂಳೆಯಂತಹ ಆಕಾರವನ್ನು ಕೊಡುವ ತಂತ್ರಾಂಶಗಳಿವೆ. ಓಡುತ್ತಿರುವ ಟರ್ಬೈನಿನ ಸಂವೇದಕಗಳಿಂದ ಮಾಹಿತಿ ಪಡೆದು, ಅದರ ಪ್ರತಿರೂಪವನ್ನು ಪರದೆಯ ಮೇಲೆ ನಡೆಸಿ, ಬೇರಿಂಗ್ ಯಾವಾಗ ಕೆಡಬಹುದೆಂದು ಮುಂಚೆಯೇ ಹೇಳುವ ಡಿಜಿಟಲ್ ಟ್ವಿನ್‌ಗಳೂ ಇವೆ. ಇವನ್ನು ಕಲಿಯಲೇಬೇಕು, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬರದ ಮೆಕ್ಯಾನಿಕಲ್ ಎಂಜಿನಿಯರ್ ಇನ್ನು ಮುಂದೆ ಡ್ರಾಯಿಂಗ್ ಓದಲು ಬರದವರಷ್ಟೇ ಕಷ್ಟಪಡಬೇಕಾದೀತು. ಆದರೆ ಸಿಮ್ಯುಲೇಷನ್ ಎಂಬುದು ನಾವು ಕೊಟ್ಟದ್ದನ್ನೇ ಬಣ್ಣ ಹಚ್ಚಿ ಹಿಂದಿರುಗಿಸುತ್ತದೆ. ಮೇಲ್ಮೈಯಿಂದ ಗಾಳಿಗೆ ಹೋಗುವ ಶಾಖದ ಗುಣಾಂಕವನ್ನು ಹತ್ತು ಪಟ್ಟು ತಪ್ಪಾಗಿ ಕೊಟ್ಟರೂ ಕೆಂಪು, ಹಳದಿ, ನೀಲಿಯ ಚಿತ್ರ ಅಷ್ಟೇ ಅಂದವಾಗಿ ಬರುತ್ತದೆ. ಕಾಗದದ ಮೇಲೆ ನಾಲ್ಕು ಸಾಲಿನಲ್ಲಿ ಲೆಕ್ಕ ಹಾಕಿ, ಈ ಉತ್ತರ ಸಾಧ್ಯವೇ ಅಲ್ಲ ಎನ್ನಬಲ್ಲವರಿಗೆ ಬೆಲೆಯಿರುವುದು ಅಲ್ಲಿ.

ಸಂಬಳದ ವಿಷಯದಲ್ಲಿ ನಿನಗೆ ಸಿಹಿ ಮಾತು ಹೇಳಲಾರೆ. ಮೆಕ್ಯಾನಿಕಲ್ ಕೆಲಸವನ್ನೇ ಮಾಡುವ ಕೋರ್ ಕಂಪನಿಗಳು ಟ್ರೈನಿಯಾಗಿ ಸೇರುವವರಿಗೆ ಕೊಡುವುದು ಅನೇಕ ಕಡೆ ಸಾಫ್ಟ್‌ವೇರಿಗಿಂತ ಕಡಿಮೆ. ಶಾಪ್ ಫ್ಲೋರಿನಲ್ಲಿ ನಿಂತು ಕಲಿಯುವ ಮೊದಲ ವರ್ಷಗಳಲ್ಲಿ ಕಾಲೂ ನೋಯುತ್ತದೆ, ಜೇಬೂ ತುಂಬುವುದಿಲ್ಲ. ಬೆಂಗಳೂರಿನ ಜಾಗತಿಕ ವಿನ್ಯಾಸ ಕೇಂದ್ರಗಳಲ್ಲಿ ಪರಿಸ್ಥಿತಿ ಉತ್ತಮ, ಆದರೆ ಅಲ್ಲಿ ಬಾಗಿಲು ತೆರೆಯುವುದು ಬಹುಮಟ್ಟಿಗೆ ಎಂ.ಟೆಕ್. ಆದವರಿಗೆ ಅಥವಾ ಒಂದು ವಿಷಯವನ್ನು ಆಳವಾಗಿ ಬಲ್ಲವರಿಗೆ. ಹಾಗಾಗಿ ಗೇಟ್ ಪರೀಕ್ಷೆಯನ್ನು ಸರ್ಕಾರಿ ಕೆಲಸದ ಟಿಕೆಟ್ಟೆಂದಷ್ಟೇ ನೋಡಬೇಡ. ಐಐಎಸ್‌ಸಿಯಂತಹ ಕಡೆ ಥರ್ಮಲ್ ವಿಷಯದಲ್ಲಿ ಮುಂದೆ ಓದಲು ಅದೇ ದಾರಿ. ಇಸ್ರೋ ತನ್ನ ವಿಜ್ಞಾನಿ ಹುದ್ದೆಗಳಿಗೆ ಮೆಕ್ಯಾನಿಕಲ್‌ನವರನ್ನು ಕರೆಯುತ್ತಲೇ ಇರುತ್ತದೆ.

ಹೆಣ್ಣುಮಕ್ಕಳಿಗೆ ಶಾಪ್ ಫ್ಲೋರ್ ಸರಿಹೋಗದು ಎಂದು ಅಜ್ಜಿ ಹೇಳಿದ್ದಕ್ಕೂ ಒಂದು ಮಾತು. ಬಂಗಾಳದ ಇಳಾ ಮಜುಂದಾರ್ 1951ರಲ್ಲೇ ಮೆಕ್ಯಾನಿಕಲ್ ಪದವಿ ಪಡೆದು, ಡೆಹ್ರಾಡೂನಿನ ಆರ್ಡ್‌ನೆನ್ಸ್ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. 1948ರ ಕಾರ್ಖಾನೆ ಕಾಯ್ದೆ ಹೆಂಗಸರ ರಾತ್ರಿ ಪಾಳಿಗೆ ಹಾಕಿದ್ದ ತಡೆಯನ್ನು ಕರ್ನಾಟಕ 2023ರ ತಿದ್ದುಪಡಿಯಲ್ಲಿ ಷರತ್ತುಗಳೊಂದಿಗೆ ಸಡಿಲಿಸಿತು. ಕಾಗದದ ಮೇಲಿನ ಷರತ್ತುಗಳನ್ನು ಕಾರ್ಖಾನೆ ಪಾಲಿಸುತ್ತದೆಯೇ, ವಾಹನದ ವ್ಯವಸ್ಥೆ ಇದೆಯೇ, ಶೌಚಾಲಯ ಹೇಗಿದೆ ಎಂಬುದನ್ನು ಇಂಟರ್‌ವ್ಯೂನಲ್ಲಿ ಸಂಕೋಚವಿಲ್ಲದೆ ಕೇಳು.

ಈಗ ನೀನು ಮಾಡಬೇಕಾದದ್ದು. ಎಲೆಕ್ಟಿವ್‌ಗಳಲ್ಲಿ ಹೆಸರು ಆಕರ್ಷಕವಾಗಿದೆಯೆಂದು ಯಾವುದನ್ನೂ ಆರಿಸಬೇಡ. ದ್ರವ, ಗಾಳಿಗಳ ಹರಿವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಕಂಪ್ಯುಟೇಷನಲ್ ಫ್ಲೂಯಿಡ್ ಡೈನಮಿಕ್ಸ್ ಇದ್ದರೆ ಅದನ್ನೇ ತೆಗೆದುಕೋ. ನೀನಿರುವ ಹುಬ್ಬಳ್ಳಿಯಿಂದ ಬೆಳಗಾವಿ ದೂರವೇನಲ್ಲ. ಅಲ್ಲಿಯ ಫೌಂಡ್ರಿಗಳಲ್ಲಿ ಎರಕದ ಲೋಹ ತಣಿಯುವಾಗ ಏಕೆ ಬಿರಿಯುತ್ತದೆಂಬುದನ್ನು ಕಣ್ಣಾರೆ ನೋಡಬಹುದು, ವಿಮಾನದ ಬಿಡಿಭಾಗಗಳನ್ನು ತಯಾರಿಸುವ ಏಕಸ್ ಕೂಡ ಅಲ್ಲೇ ಇದೆ. ರಜೆಯಲ್ಲಿ ಇಂಟರ್ನ್‌ಶಿಪ್ಪಿಗೆ ಅರ್ಜಿ ಹಾಕು. ಸಾಫ್ಟ್‌ವೇರ್ ಕಂಪನಿಯ ಪರೀಕ್ಷೆಗೂ ಕೂರು, ಅದರಲ್ಲಿ ತಪ್ಪೇನಿಲ್ಲ. ಕೈಯಲ್ಲೊಂದು ಆಫರ್ ಇದ್ದರೆ ಮನೆಯವರಿಗೂ ನೆಮ್ಮದಿ, ನಿನಗೂ ಧೈರ್ಯ. ಅದನ್ನು ಒಪ್ಪಿಕೊಳ್ಳುವ ಮೊದಲು ಥರ್ಮಲ್, ಬ್ಯಾಟರಿ ಪ್ಯಾಕ್, ಡೇಟಾ ಸೆಂಟರ್ ಕೂಲಿಂಗ್ ಎಂಬ ಹೆಸರುಗಳಲ್ಲಿ ಹುಡುಕಿ, ಸಿಕ್ಕ ಕಡೆಗಳಿಗೆಲ್ಲ ಅರ್ಜಿ ಕಳುಹಿಸಿರಬೇಕು, ಅಷ್ಟೇ ನನ್ನ ಷರತ್ತು. ಆಮೇಲೂ ಕೋಡಿಂಗೇ ಇಷ್ಟವೆನಿಸಿದರೆ ನಾನು ಅಡ್ಡ ಬರುವುದಿಲ್ಲ.

ಕೊನೆಯ ವರ್ಷದ ಪ್ರಾಜೆಕ್ಟಿಗೆ ಬ್ಯಾಟರಿಯ ಕೂಲಿಂಗ್ ಪ್ಲೇಟ್ ಮಾಡೋಣವೆಂದು ನಿಮ್ಮ ತಂಡದವರು ಮಾತಾಡಿಕೊಂಡಿದ್ದೀರೆಂದೆಯಲ್ಲ, ಊರಿಗೆ ಬರುವಾಗ ಅದರ ಡ್ರಾಯಿಂಗ್ ತೆಗೆದುಕೊಂಡು ಬಾ. ಪ್ಲೇಟಿನ ಚಪ್ಪಟೆತನಕ್ಕೆ ಎಷ್ಟು ಸಹಿಷ್ಣುತೆ ಕೊಟ್ಟಿದ್ದೀರಿ, ಕೋಶಕ್ಕೂ ಪ್ಲೇಟಿಗೂ ನಡುವೆ ಉಳಿಯುವ ಗಾಳಿಯ ಸಂದಿನಿಂದ ಎಷ್ಟು ಡಿಗ್ರಿ ನಷ್ಟವಾಗುತ್ತದೆ ಎಂಬ ಲೆಕ್ಕ ಜೊತೆಗಿರಲಿ. ಟಾಲರೆನ್ಸ್ ಬರೆಯದ ಡ್ರಾಯಿಂಗನ್ನು ನಾನು ಆಫೀಸಿನಲ್ಲೇ ವಾಪಸ್ಸು ಕಳಿಸುತ್ತೇನೆ, ಮನೆಯಲ್ಲಿ ಬಿಡುತ್ತೇನೆಯೇ?

ಇಂತಿ,
ನಿನ್ನ ಅಮ್ಮ